ಒಣದ್ರಾಕ್ಷಿ, ಒಣ ವೈನ್ ಮತ್ತು ಹಕ್ಕರಕಿ ಪಲ್ಯ

'ಒಣ ವೈನ್ ಅಂದ್ರ ಪುಡಿ ಇರ್ತೈತೇನೋ ತಮ್ಮಾ?' ಎಂದು ಕೇಳಿದರು ಗಜೇಂದ್ರಗಡದ ನಮ್ಮ ಕಾಕಾ. ನಾನು ಚೀಲದಿಂದ ತೆಗೆದಿಟ್ಟದ್ದು ಇಟಲಿಯ ಸೊವಾವೆ ಬಾಟಲಿ. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ರೋಣ, ನರಗುಂದದ ಕಡೆ ಒಣ ಎಂದರೆ ಅಂಗಳದಲ್ಲಿ ಹರವಿದ ಮೆಣಸಿನಕಾಯಿ, ಇಲ್ಲವೇ ವಿಜಯಪುರದ ಒಣದ್ರಾಕ್ಷಿ. ವೈನಿನವರ ಲೆಕ್ಕದಲ್ಲಿ ಬತ್ತುವುದು ನೀರಲ್ಲ, ಸಿಹಿ. ಹಣ್ಣಿನ ಸಕ್ಕರೆಯನ್ನೆಲ್ಲ ಈಸ್ಟ್ ತಿಂದು ಆಲ್ಕೋಹಾಲ್ ಮಾಡಿಬಿಟ್ಟರೆ ಉಳಿಯುವುದೇ ಡ್ರೈ ವೈನ್.

ಆದರೂ ಸೊವಾವೆಯ ಕಥೆ ಶುರುವಾಗುವುದು ಒಣದ್ರಾಕ್ಷಿಯಿಂದಲೇ. 6ನೇ ಶತಮಾನದಲ್ಲಿ ಆಸ್ಟ್ರೊಗೋಥ್ ಅರಸರ ಮಂತ್ರಿಯಾಗಿದ್ದ ಕಾಸಿಯೊಡೋರಸ್, ಅರಮನೆಗೆ ಬೇಕೆಂದು ವೆರೋನಾ ಸೀಮೆಯ ವೈನನ್ನು ವರ್ಣಿಸಿ ಪತ್ರ ಬರೆದ. ಗೊಂಚಲು ಕೊಯ್ದು, ತೂಗುಹಾಕಿ ಬಾಡಿಸಿ, ಚಳಿಗಾಲದಲ್ಲಿ ಹಿಂಡಿದ ಸಿಹಿ ವೈನ್ ಅದು. ಅದೇ ಬಗೆಯ 'ರೆಚೊತೊ' ಈಗಲೂ ಸೊವಾವೆಯಲ್ಲಿದೆ. ವಿಜಯಪುರದಲ್ಲಿ ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಯ ಮೇಲೆ ಹರವಿದರೆ ಹದಿನೈದು ದಿನದೊಳಗೆ ಕೆಲಸ ಮುಗಿಯಿತು. ಸೊವಾವೆಯಲ್ಲಿ ಗಾರ್ಗಾನೆಗಾ ಎಂಬ ತಳಿಯ ಗೊಂಚಲುಗಳು ಅಟ್ಟದಲ್ಲಿ ನಾಲ್ಕೈದು ತಿಂಗಳು ಕಾಯುತ್ತವೆ. ಇದೇ ಹಣ್ಣನ್ನು ಬಾಡಿಸದೆ ತಾಜಾ ಹಿಂಡಿದರೆ ಡ್ರೈ ಸೊವಾವೆ.

ಸೊವಾವೆ ಊರು ವೆರೋನಾದ ಪೂರ್ವಕ್ಕಿದೆ. ಗಜೇಂದ್ರಗಡದ ಹಾಗೆಯೇ ನೆತ್ತಿಯ ಮೇಲೊಂದು ಕೋಟೆ. ಗುಡ್ಡದ ಅನೇಕ ಕಡೆ ಜ್ವಾಲಾಮುಖಿಯ ಕಪ್ಪು ಮಣ್ಣು. ಹಳೆಯ ಬಳ್ಳಿಗಳು ನಮ್ಮ ಹೀರೇಕಾಯಿಯಂತೆ ಚಪ್ಪರಕ್ಕೆ ಹಬ್ಬಿವೆ.

1931ರಲ್ಲಿ ಗುಡ್ಡದ ಸೀಮೆಗೆ ಗಡಿ ಗುರುತಿಸಿದರು. 1968ರಲ್ಲಿ ಡಿಒಸಿ ಬಂತು, ನಮ್ಮ ಜಿಐ ಟ್ಯಾಗಿನ ಥರದ್ದು. ಹೆಸರು ಕೆಟ್ಟದ್ದೂ ಆಮೇಲೆಯೇ. ಎಪ್ಪತ್ತರ ದಶಕದಲ್ಲಿ ಅಮೆರಿಕದವರು ಕಿಯಾಂಟಿಯನ್ನೂ ಮೀರಿ ಇದನ್ನು ಕೊಳ್ಳತೊಡಗಿದರು. ಗಡಿ ಬಯಲಿಗಿಳಿಯಿತು, ಇಳುವರಿ ಏರಿತು, ವೈನ್ ನೀರಾಯಿತು. ಬ್ಯಾಡಗಿ ಹೆಸರಿನಲ್ಲಿ ಯಾವ್ಯಾವ ಕಾಯಿ ಮಾರಾಟವಾಗುತ್ತದೆಂದು ಸಂತೆಯಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರ್ಯಾದೆ ಉಳಿಸಿದ್ದು ಗುಡ್ಡ ಬಿಡದ ಕೆಲವು ಮನೆಗಳು. ಪಿಯೆರೊಪಾನ್ ಮನೆತನ 1971ರಲ್ಲೇ ಕಾಲ್ವಾರಿನೊ ಎಂಬ ಒಂದೇ ತೋಟದ ಹಣ್ಣನ್ನು ಬೇರೆಯಾಗಿ ಬಾಟಲಿಗೆ ತುಂಬಿತು.

ನಮ್ಮ ಕಡೆ ಗಾರ್ಗಾನೆಗಾ ಇಲ್ಲ. ಆದರೆ ಇಟಲಿ ತೀರಾ ದೂರವೂ ಅಲ್ಲ. ಸೊಲ್ಲಾಪುರ ಜಿಲ್ಲೆಯ ಅಕಲೂಜಿನ 'ಫ್ರಾಟೆಲ್ಲಿ' ವೈನರಿಗೆ ವೈನ್ ಹದ ಹಾಕಿಕೊಟ್ಟವರು ಟಸ್ಕನಿಯ ಪಿಯೆರೊ ಮಾಸಿ. ಫ್ರಾಟೆಲ್ಲಿ ಎಂದರೆ ಅಣ್ಣತಮ್ಮಂದಿರು. ಪಕ್ಕದ ಕೊಪ್ಪಳ ಜಿಲ್ಲೆಯ ಕೃಸ್ಮಾ ತೋಟದಲ್ಲಿ ಇಟಲಿಯ ಕೆಂಪು ತಳಿ ಸಾಂಜೊವೇಸೆ ಬೆಳೆಯುತ್ತದೆ.

ವೆರೋನಾದವರು ಸೊವಾವೆ ಜೊತೆಗೆ ಗಾರ್ದಾ ಸರೋವರದ ಮೀನು, ರಿಸೊಟ್ಟೊ, ಪೊಲೆಂತಾ ತಿನ್ನುತ್ತಾರೆ. ಪೊಲೆಂತಾ ಎಂದರೆ ಗೋವಿನಜೋಳದ ರವೆಯನ್ನು ಗಟ್ಟಿಯಾಗಿ ಕುದಿಸಿದ್ದು. ನುಚ್ಚು ಉಂಡು ಬೆಳೆದವರಿಗೆ ಹೊಸತೇನಲ್ಲ. ಕಾಕಾನ ಮನೆಯಲ್ಲಿ ಅಂದು ರೊಟ್ಟಿ, ಎಣಗಾಯಿ, ರಂಜಕ, ಜುಣಕದ ವಡಿ. ಪಕ್ಕದಲ್ಲಿ ಹಕ್ಕರಕಿ, ಹಸಿ ಮೆಂತ್ಯ, ಸೌತೆಕಾಯಿ. ರಂಜಕ ನೆಕ್ಕಿ ಒಂದು ಗುಟುಕು ಕುಡಿದೆ. ಬಾಯಿಗೆ ಬೆಂಕಿ ಬಿತ್ತು. ಆಲ್ಕೋಹಾಲ್ ಖಾರಕ್ಕೆ ಗಾಳಿ ಹಾಕುತ್ತದೆ. ಗದಗಿನ ಸಾವಜಿ ಊಟದ ಮುಂದಂತೂ ಈ ವೈನಿನ ಸುಳಿವೇ ಸಿಗಲಿಕ್ಕಿಲ್ಲ. ಜುಣಕದ ವಡಿಗೆ ಬಂದಾಗ ಆಟ ಬದಲಾಯಿತು: ಹುಳಿ ಎಣ್ಣೆಯನ್ನು ಕತ್ತರಿಸಿತು, ಕಡಲೆಹಿಟ್ಟಿನ ಅಂಟು ನಾಲಿಗೆಯಿಂದ ತೊಳೆದುಹೋಯಿತು. ಒಳ್ಳೆಯ ಸೊವಾವೆಯ ಕೊನೆಗೆ ಬಾದಾಮಿಯಂಥ ಸಣ್ಣ ಕಹಿಯಿರುತ್ತದೆ. ಹಕ್ಕರಕಿಯ ಎಳೆ ಎಲೆಯಲ್ಲೂ ಅಂಥದೇ ಕಹಿ. ಎರಡೂ ಒಂದನ್ನೊಂದು ಗುರುತು ಹಿಡಿದವು.

ಕಾಕಾ ಲೋಟ ತಿರುಗಿಸಿ ನೋಡಿ, ಇನ್ನೊಂದು ವಡಿ ಮುರಿದುಕೊಂಡರು. 'ಎರಡು ದಿನದ ಮಜ್ಜಿಗಿ ಇದ್ದಂಗ ಐತಿ' ಎಂದರು. ಆಮೇಲೆ ಲೋಟ ಮುಂದೆ ಚಾಚಿದರು.