ಕಾಲು ಸೆಳೆತವೆಲ್ಲ ಸಯಾಟಿಕಾ ಅಲ್ಲ!

ಮನೆಯಲ್ಲಿ ಯಾರಾದರೂ ‘ಸೊಂಟದಿಂದ ಕಾಲಿನವರೆಗೂ ಸೆಳೀತಿದೆ’ ಅಂದರೆ ಸಾಕು, ಪಕ್ಕದ ಮನೆಯವರೂ ‘ಸಯಾಟಿಕಾ ಇರಬೇಕು ನೋಡಿ’ ಅಂದುಬಿಡುತ್ತಾರೆ. ಪಾಪ, ಒಂದೇ ನರದ ತಲೆಗೆ ಎಲ್ಲ ಅಪವಾದ! ಸೊಂಟ, ಪಿರ್ರೆ, ತೊಡೆಸಂದಿನ ಸುತ್ತ ಇನ್ನೂ ಹಲವು ನರಗಳಿವೆ. ಉರಿ, ಜೋಮು ಸರಿಯಾಗಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದರೆ, ದೂರು ಯಾವ ನರದ್ದು ಎಂಬುದು ಡಾಕ್ಟರಿಗೆ ಅರ್ಧ ಗೊತ್ತಾದಂತೆಯೇ.

ಸಯಾಟಿಕ್ ನರ ದೇಹದಲ್ಲೇ ಅತಿ ದಪ್ಪನೆಯದು. ಬೆನ್ನಿನ ಕೆಳಭಾಗದಿಂದ ಬಂದ 5 ಬೇರುಗಳು ಸೇರಿ ಆಗಿದ್ದು. ಪಿರ್ರೆಯ ಆಳದಲ್ಲಿ ಪಿರಿಫಾರ್ಮಿಸ್ ಎಂಬ ಸ್ನಾಯುವಿನ ಅಡಿಯಿಂದ ಹೊರಬಂದು ತೊಡೆಯ ಹಿಂಬದಿಯಲ್ಲಿ ಇಳಿಯುತ್ತದೆ. ಹಾಗಾಗಿ ಇದರ ನೋವೂ ಪಿರ್ರೆ, ತೊಡೆಯ ಹಿಂಭಾಗ, ಮೀನಖಂಡ, ಪಾದ ಹೀಗೆ ಇಳಿಯುತ್ತೆ. ಪಿರ್ರೆಗೆ ಇಂಜೆಕ್ಷನ್ ಕೊಡುವಾಗ ನರ್ಸ್ ಮೇಲ್ಭಾಗದ ಹೊರಮೂಲೆಯನ್ನೇ ಆರಿಸಿಕೊಳ್ಳುವುದು ಈ ನರಕ್ಕೆ ಸೂಜಿ ತಾಗದಿರಲಿ ಎಂದು. ಹಸುಗೂಸುಗಳಿಗೆ ತೊಡೆಗೆ ಲಸಿಕೆ ಹಾಕುವುದಕ್ಕೂ ಇದೊಂದು ಕಾರಣ.

ಇನ್ನು ಕೆಲವರಿಗೆ ತೊಡೆಯ ಹೊರಬದಿ ಮಾತ್ರ ಉರಿಯುತ್ತೆ. ಸೀರೆ ತಾಕಿದರೂ ಚುರುಚುರು, ಚಿವುಟಿದರೆ ಮಾತ್ರ ಮರಗಟ್ಟಿದ ಹಾಗೆ. ಸೊಂಟದ ಮುಂದೆ ಕೈಗೆ ಸಿಗುವ ಎಲುಬಿನ ಮೊನೆ ಇದೆಯಲ್ಲ, ಅದರ ಪಕ್ಕದಲ್ಲೇ ಬಿಗಿಯಾದ ಪಟ್ಟಿಯೊಂದರ ಕೆಳಗೆ ನುಸುಳಿ ಬರುವ ಚರ್ಮದ ನರದ ಕೆಲಸ ಇದು. ಒಳಲಂಗದ ಲಾಡಿ, ಬೆಲ್ಟು, ಬಿಗಿ ಜೀನ್ಸ್, ಬಸುರಿಯ ಹೊಟ್ಟೆ, ಏರಿದ ತೂಕ, ಯಾವುದು ಒತ್ತಿದರೂ ಅದು ಮುನಿಸಿಕೊಳ್ಳುತ್ತೆ. ಸಕ್ಕರೆ ಕಾಯಿಲೆಯವರಲ್ಲೂ ಕಾಣಿಸೀತು. ಹೆಸರು ಮಾತ್ರ ಬಾಯಿಗೆ ಬಾರದಂಥದ್ದು: ಮೆರಾಲ್ಜಿಯಾ ಪ್ಯಾರೆಸ್ತೆಟಿಕಾ. ಮನಸ್ಸಿನ ವೈದ್ಯ ಸಿಗ್ಮಂಡ್ ಫ್ರಾಯ್ಡ್‌ಗೂ ಇದು ಬಂದಿತ್ತು, 1895ರಲ್ಲಿ ಅದರ ಬಗ್ಗೆ ಬರೆದೂ ಇದ್ದರು! ಈ ನರಕ್ಕೆ ಸ್ಪರ್ಶದ ಕೆಲಸವಷ್ಟೇ. ಹಾಗಾಗಿ ಕಾಲಿನ ಶಕ್ತಿ ಕುಂದುವುದಿಲ್ಲ. ಎಷ್ಟೋ ಸಲ ಲಾಡಿ ಸಡಿಲಿಸಿದರೆ, ತೂಕ ಇಳಿಸಿದರೆ ಸಾಕಾಗುತ್ತೆ. ಸ್ಕ್ಯಾನಿಂಗ್‌ಗೆ ಓಡುವ ಮೊದಲು ಲಾಡಿ ನೋಡಿಕೊಳ್ಳಿ ಅಂತ ನಾನಂತೂ ಹೇಳ್ತೇನೆ.

ಸೊಂಟದ ಕೀಲಿಗೂ ಮಂಡಿಗೂ ಕೆಲವು ನರಗಳು ಒಂದೇ. ಅದಕ್ಕೇ ಕೀಲು ಕೆಟ್ಟಿದ್ದು ಸೊಂಟದಲ್ಲಾದರೂ ಅಜ್ಜಿ ಮಂಡಿ ಹಿಡಿದುಕೊಂಡು ಕೂರಬಹುದು. ಮಗು ಮಂಡಿನೋವು ಅಂತ ಕುಂಟುತ್ತಿದ್ದರೂ ಸೊಂಟ ಪರೀಕ್ಷಿಸಿ ಎಂದು ಕೇಳಿ.

ನಮ್ಮ ಹೆಂಗಸರು ಬಾಯಿಬಿಟ್ಟು ಹೇಳದ ನರ ಪ್ಯುಡೆಂಡಲ್. ಮಲ, ಮೂತ್ರ ತಡೆಹಿಡಿಯುವ ಸ್ನಾಯುಗಳು, ಆ ಜಾಗದ ಸ್ಪರ್ಶ ಎಲ್ಲ ಇದರದ್ದೇ. ಹೆರಿಗೆಯಲ್ಲಿ ಇದು ಎಳೆತಕ್ಕೆ ಸಿಕ್ಕಬಹುದು. ಕೆಮ್ಮಿದಾಗ ಮೂತ್ರ ಸೋರುವುದಕ್ಕೆ ಇದೂ ಒಂದು ಕಾರಣ. ‘ಮಕ್ಕಳಾದ ಮೇಲೆ ಇದೆಲ್ಲ ಇದ್ದದ್ದೇ’ ಅಂತ ವರ್ಷಗಟ್ಟಲೆ ಸಹಿಸುವುದು ಬೇಡ. ಆ ಸ್ನಾಯುಗಳಿಗೆ ವ್ಯಾಯಾಮವಿದೆ, ಚಿಕಿತ್ಸೆಯಿದೆ.

ಈ ನರದ ಬೇರುಗಳು ಬೆನ್ನುಮೂಳೆಯ ತುದಿಯಲ್ಲಿ ಒಂದು ಗೊಂಚಲಾಗಿ ಇಳಿಯುತ್ತವೆ. ಡಿಸ್ಕ್ ಜಾರಿ ಆ ಗೊಂಚಲನ್ನೇ ಅದುಮಿದರೆ ಸೈಕಲ್ ಸೀಟು ತಾಗುವ ಜಾಗವೆಲ್ಲ ಮರಗಟ್ಟುತ್ತೆ, ಮೂತ್ರ ಕಟ್ಟುತ್ತೆ ಅಥವಾ ಅರಿವಿಲ್ಲದೆ ಹೋಗುತ್ತೆ, ಎರಡೂ ಕಾಲು ಸೋಲಬಹುದು. ಆಗ ಎಣ್ಣೆ ತಿಕ್ಕಿ, ಶಾಖ ಕೊಟ್ಟು ಬೆಳಗಾಗಲಿ ಅನ್ನಬೇಡಿ. ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೋಗಿ. ಶಸ್ತ್ರಚಿಕಿತ್ಸೆ ತಡವಾದಷ್ಟೂ ಮೂತ್ರದ ಹಿಡಿತ ಮರಳುವ ಸಾಧ್ಯತೆ ಕಡಿಮೆ. ‘ತೊಳೆದುಕೊಳ್ಳುವಾಗ ಸ್ಪರ್ಶ ಗೊತ್ತಾಗುತ್ತಾ?’ ಅಂತ ಡಾಕ್ಟರು ಕೇಳುತ್ತಾರೆ. ಪಕ್ಕದಲ್ಲಿ ಅತ್ತೆ, ಮಾವ ಯಾರೇ ನಿಂತಿರಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ.