ಕೋಡಿಗೆ ಬಣ್ಣ, ಗಾಲಿಗೆ ಎಣ್ಣೆ

ಕಾರ ಹುಣ್ಣಿಮೆ ಹತ್ತಿರ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಪೇಟೆಗಳಲ್ಲಿ ಹಗ್ಗದಂಗಡಿಗಳೇ ದೊಡ್ಡ ಅಂಗಡಿಗಳು. ಉಣ್ಣೆಯ ಗೊಂಡೆ, ಕನ್ನಡಿ ಕೂರಿಸಿದ ಹಣೆಪಟ್ಟಿ, ಬಣ್ಣಬಣ್ಣದ ಮಗಡ, ಹಿತ್ತಾಳೆಯ ಕೋಡಣಸು, ಗೆಜ್ಜೆಸರ ಎಲ್ಲ ಬಾಗಿಲ ತುಂಬ ಜೋತಾಡುತ್ತವೆ. ರೈತ ಗೆಜ್ಜೆಸರವನ್ನು ಕಣ್ಣಿಂದ ನೋಡಿ ಕೊಳ್ಳುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾನೆ, ದನಿ ಒಡಕಾಗಿದ್ದರೆ ತಿರುಗಿ ತೂಗುಹಾಕುತ್ತಾನೆ.

ಹುಣ್ಣಿಮೆಯ ಹಿಂದಿನ ದಿನ ಹೊನ್ನುಗ್ಗಿ. ಎತ್ತುಗಳ ಮೈ ತೊಳೆದು, ಪೂಜಿಸಿ, ಉಗ್ಗಿ ತಿನಿಸುವ ದಿನ. ಕೋಡಿನ ಕೆಲಸ ಅದಕ್ಕೂ ಮೊದಲೇ ಶುರುವಾಗಿರುತ್ತದೆ. ಈ ಸೀಮೆಯ ಎತ್ತು ಖಿಲಾರಿ. ಅದರ ಕೋಡು ಹಣೆಯಿಂದ ಹಿಂದಕ್ಕೆ ಬಾಗಿ, ಮೇಲೆದ್ದು, ಚೂಪಾಗಿ ಮುಗಿಯುತ್ತದೆ. ಅದನ್ನು ಕುಡುಗೋಲಿನಿಂದ ಹೆರೆದು, ಗಾಜಿನ ಚೂರಿನಿಂದ ತೀಡಿ, ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಕೋಡಿನ ತುದಿ ಗಟ್ಟಿ, ಬುಡದತ್ತ ಹೊರಪದರದ ಒಳಗೆ ನೆತ್ತರು ಹರಿಯುವ ಜೀವಂತ ಎಲುಬು. ಹೊಳಪಿನ ಆಸೆಗೆ ಬಿದ್ದು ಮಿತಿ ಮೀರಿ ಹೆರೆದರೆ ಎತ್ತಿಗೆ ನೋವು. ನುರಿತ ಕೈ ಬುಡಕ್ಕೆ ಬರುತ್ತಲೇ ಹಗುರಾಗುತ್ತದೆ. ಕೋಡು ಹೆರೆಯುವವರ ನಡುವೆ ನಾನು ಮೆಚ್ಚುವುದು ಆ ಹಗುರಾಗುವ ಗಳಿಗೆಯನ್ನು.

ಆಮೇಲೆ ವಾರ್ನೀಸು. ಒಂದು ಕೋಡಿಗೆ ಕೆಂಪು, ಇನ್ನೊಂದಕ್ಕೆ ಹಸಿರು. ಇಲ್ಲವೇ ಬುಡಕ್ಕೊಂದು, ತುದಿಗೊಂದು. ಎತ್ತು ತಲೆ ಕೊಡವಿತೆಂದರೆ ಬಣ್ಣ ಕಣ್ಣಿಗೆ ಸಿಡಿಯಬಹುದು. ಅದಕ್ಕೇ ಒಬ್ಬ ಮಗಡ ಹಿಡಿದು ನಿಂತಿರಬೇಕು. ‘ಗಟ್ಟಿ ಹಿಡಿ ತಮ್ಮಾ, ಮೊದಲಿನ ಬಣ್ಣ ಆರಲಿ’ ಎನ್ನುವ ಕಾಕಾ, ‘ಇನ್ನಾ ಎಷ್ಟೊತ್ತರೀ ಕಾಕಾ?’ ಎಂದು ಚಡಪಡಿಸುವ ಹುಡುಗ. ಹುಣ್ಣಿಮೆಯ ದಿನ ಅಗಸಿಗೆ ಅಡ್ಡ ಕಟ್ಟಿದ ಕರಿ ಹರಿಯಲು ಎತ್ತುಗಳು ಓಡುವಾಗ ಜನ ನೋಡುವುದು ಮಾತ್ರ ಕೋಡಿನ ಬಣ್ಣವನ್ನಲ್ಲ, ಮೈಬಣ್ಣವನ್ನು. ಬಿಳಿ ಎತ್ತು ಮುಂದಾದರೆ ಹಿಂಗಾರಿಯ ಬಿಳಿಜೋಳ ಚಲೋ, ಕೆಂದೆತ್ತು ಮುಂದಾದರೆ ಮುಂಗಾರಿ ಚಲೋ ಎಂಬ ನಂಬಿಕೆ.

ಚಕ್ಕಡಿಯ ಸಿಂಗಾರದ ರೀತಿ ಬೇರೆ. ನೊಗಕ್ಕೆ, ಗಾಲಿಯ ಅರಗಳಿಗೆ ಬಣ್ಣ ಸಲ್ಲುತ್ತದೆ. ಇರಸಿಗೆ ಸಲ್ಲದು. ಅಲ್ಲಿಗೆ ಬೇಕಾದದ್ದು ಕೀಲೆಣ್ಣೆ: ಔಡಲೆಣ್ಣೆಯಲ್ಲಿ ಹುಲ್ಲು ಸುಟ್ಟ ಕರಿ ಕಲಸಿದ ಹಳೆಯ ಮದ್ದು. ಕಟ್ಟಿಗೆ ಗಾಲಿಗೆ ಹಳಿ ಕಟ್ಟುವಾಗ ಕಬ್ಬಿಣದ ಬಳೆಯನ್ನು ಕೆಂಪಗೆ ಕಾಯಿಸಿ ತೊಡಿಸಿ, ನೀರು ಸುರಿದು ಕುಗ್ಗಿಸಬೇಕು. ಬಣ್ಣದ ಡಬ್ಬಿ ಬರುವುದು ಅದಾದ ಮೇಲೆ. ಸಿಂಗಾರದ ಜೊತೆ ಓಟವೂ ಇದೆ: ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ ಅವಕಾಶ ಕೊಡುವ ಕರ್ನಾಟಕದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು. ಓಟ ಉಳಿದಿದೆ, ಎತ್ತನ್ನು ನೋಯಿಸದೆ ಓಡಿಸುವ ಹೊಣೆಯೂ ಉಳಿದಿದೆ.

ರಿಮೋಟ್ ಹಿಡಿದು ಕಚ್ಚಾ ನೆಲದಲ್ಲಿ ಪುಟ್ಟ ಬಗ್ಗಿ ಓಡಿಸುವವರ ಕೆಲಸದಲ್ಲೂ ಬಣ್ಣ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬ ಇದೇ ಎಚ್ಚರ ಕಾಣುತ್ತದೆ. ಹತ್ತನೇ ಒಂದು ಅಳತೆಯ ಬಗ್ಗಿಗಳ ಮೊದಲ ವಿಶ್ವ ಸ್ಪರ್ಧೆ 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ನಡೆಯಿತು. ಅವುಗಳ ಮೇಲುಹೊದಿಕೆ ಪಾರದರ್ಶಕ ಪಾಲಿಕಾರ್ಬೊನೇಟ್. ಬಣ್ಣ ಬಳಿಯುವುದು ಅದರ ಒಳಮೈಗೆ, ಕಲ್ಲು ಸಿಡಿದರೂ ಗೀರು ಬಣ್ಣಕ್ಕೆ ಮುಟ್ಟದಿರಲೆಂದು. ಹೀಗಾಗಿ ಕೆಲಸದ ಕ್ರಮವೂ ತಲೆಕೆಳಗು: ಕಿಟಕಿಗಳಿಗೆ ಪಟ್ಟಿ ಅಂಟಿಸಿ, ಸಣ್ಣ ಗೆರೆ, ಚಿತ್ತಾರಗಳನ್ನು ಮೊದಲು ಬರೆದು, ಮೈತುಂಬುವ ಬಣ್ಣವನ್ನು ಕೊನೆಗೆ ಬಳಿಯಬೇಕು. ಅಲ್ಲಿಯೂ ಹಲ್ಲುಗಾಲಿಗೆ, ಬೇರಿಂಗಿಗೆ ಬಣ್ಣವಿಲ್ಲ.

ನಮ್ಮಲ್ಲಿ ಸಣ್ಣ ಅಳತೆಯ ಬಂಡಿಗೂ ಒಂದು ಹಬ್ಬದ ದಿನವಿದೆ. ಕಾರ ಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣು ಹದವಾಗಿ ಕಲಸಿ ಮಕ್ಕಳು ಎತ್ತು ಮಾಡುತ್ತಾರೆ. ಕಾಲು ದಪ್ಪ, ಇಣಿ ಎತ್ತರ, ಮೈಮೇಲೆ ಕುಸುಬಿ, ಜೋಳದ ಕಾಳುಗಳ ಸಾಲು. ಮಣ್ಣು ಬೇಗ ಒಣಗಿದರೆ ಕೋಡು ಬಿರಿಯುತ್ತದೆ, ನೆರಳೇ ಬೇಕು. ಎತ್ತಿನ ಹಿಂದೆ ಕಟ್ಟಲು ಜೋಳದ ದಂಟಿನ ಚಕ್ಕಡಿ: ಬೆಂಡಿನ ಗಾಲಿ, ಸಿಬರಿನ ಇರಸು. ತೂತು ನಟ್ಟನಡುವೆ ಬೀಳದಿದ್ದರೆ ಗಾಲಿ ಕುಂಟುತ್ತದೆ. ಹುಡುಗ ಅದನ್ನು ಕಿತ್ತು ಬಿಸಾಡಿ ಇನ್ನೊಂದು ಕೊಯ್ಯುತ್ತಾನೆ, ಅದೂ ಕುಂಟಿದರೆ ಮತ್ತೊಂದು. ಅರಿಷಿಣ ಕುಂಕುಮ ಹಚ್ಚುವುದು ಗಾಲಿ ನೆಟ್ಟಗೆ ಉರುಳಿದ ಮೇಲೆಯೇ.