ಬಾಲ್ಸಾ ಮರವೂ ಬ್ರಿಟಿಷ್ ವಿಮಾನಗಳೂ

ಎರಡು ಬಾಲದ ವ್ಯಾಂಪೈರ್ ವಿಮಾನವನ್ನು ಕಣ್ಣಾರೆ ಕಂಡವರು ಬೆಂಗಳೂರಿನ ಸುತ್ತಣ ಊರುಗಳಲ್ಲಿ ಇನ್ನೂ ಇದ್ದಾರೆ. 1950ರ ಮತ್ತು 1960ರ ದಶಕಗಳಲ್ಲಿ ಬಾಲ್ಯವನ್ನು ಕಳೆದ ಈ ಹಿರಿಯರನ್ನು ಸೋಲೂರಿನಲ್ಲಾಗಲಿ ಮಾಗಡಿಯಲ್ಲಾಗಲಿ ಮಾತಿಗೆಳೆದರೆ, ವಿಮಾನ ಒಂದು ಕಡೆ ಕಾಣುತ್ತಿದ್ದುದು, ಅದರ ಸದ್ದು ಮಾತ್ರ ಅದಕ್ಕೆ ಬಹಳ ಹಿಂದಿನಿಂದ ಕೇಳಿಬರುತ್ತಿದ್ದುದು, ಇವುಗಳನ್ನು ಇಂದಿಗೂ ಬೆರಗಿನಿಂದಲೇ ವರ್ಣಿಸುವರು. ಶಬ್ದಕ್ಕೆ ಮೂರು ಕಿಲೊಮೀಟರು ಸಾಗಲು ಸುಮಾರು ಒಂಬತ್ತು ಸೆಕೆಂಡು ಬೇಕೆಂಬುದೂ ಅಷ್ಟರಲ್ಲಿ ಜೆಟ್ ವಿಮಾನ ಬಹುದೂರ ಹೋಗಿರುವುದೆಂಬುದೂ ಇದಕ್ಕೆ ವಿವರಣೆ. ಅವರಲ್ಲಿ ಓದಿಗಾಗಿ ಬೆಂಗಳೂರು ಸೇರಿದ್ದ ಕೆಲವರಿಗೆ ಇನ್ನೊಂದು ನೆನಪೂ ಉಂಟು. ಅದು ಕಾಗದದ ಪೆಟ್ಟಿಗೆಯೊಳಗೆ ಬರುತ್ತಿದ್ದ ಆಟದ ವಿಮಾನ: ಒಂದು ನಕ್ಷೆ, ಹಾಳೆಯಂತೆ ತೆಳುವಾದ ಮರದ ಪಟ್ಟಿಗಳು, ಟಿಶ್ಯು ಕಾಗದ, ಒಂದು ರಬ್ಬರ್ ಸುರುಳಿ. ನನ್ನ ತಲೆಮಾರಿನವರಿಗೆ ಈ ನೆನಪುಗಳೆರಡೂ ಎರವಲು. ಆದರೆ ಭೌತವಿಜ್ಞಾನವನ್ನು ಪಾಠ ಹೇಳುವವನಿಗೆ ಅವೆರಡರ ನಡುವೆ ಇರುವ ಸಂಬಂಧವು ಬಹು ಸ್ವಾರಸ್ಯವಾಗಿ ತೋರುತ್ತದೆ.

ಮೊದಲನೆಯ ಸಂಬಂಧ ಮರದ್ದು. ಆಟದ ವಿಮಾನಕ್ಕೆ ಉಪಯೋಗಿಸುತ್ತಿದ್ದುದು ಬಾಲ್ಸಾ ಎಂಬ ಮರ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ ಅದು ಹೇರಳ. ಒಂದು ಘನಮೀಟರ್ ನೀರು 1,000 ಕಿಲೊಗ್ರಾಂ ತೂಗುವುದಷ್ಟೆ. ಅಷ್ಟೇ ಗಾತ್ರದ ಬಾಲ್ಸಾ ತೂಗುವುದು ಸುಮಾರು 150 ಕಿಲೊಗ್ರಾಂ ಮಾತ್ರ. ನಮ್ಮ ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆಮರವು ಹದವಾದುದೇ ಆದರೂ ಅದರ ಮುಂದೆ ಬಹಳ ಭಾರ. ಚರಕಿಗೆ ಕೊಟ್ಟು ತಿರುಗಿಸಲು ಅದು ಯೋಗ್ಯ, ಹಾರಲು ಅಲ್ಲ. ಈಗ ವ್ಯಾಂಪೈರ್ ವಿಮಾನಕ್ಕೆ ಬರೋಣ. ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಸಂಸ್ಥೆಯ ಈ ಜೆಟ್ ಮೊದಲು ಹಾರಿದುದು 1943ರ ಸೆಪ್ಟೆಂಬರಿನಲ್ಲಿ. ಭಾರತದ ವಾಯುಪಡೆಗೆ ಅದು 1948ರಲ್ಲಿ ಬಂದಿತು. ನಮ್ಮ ಮೊದಲ ಜೆಟ್ ವಿಮಾನವೂ ಅದೇ. ತರುವಾಯ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಪರವಾನಗಿ ಪಡೆದು ಅದನ್ನು ಇಲ್ಲಿಯೇ ತಯಾರಿಸಿತು. ಗಂಟೆಗೆ ಎಂಟುನೂರು ಕಿಲೊಮೀಟರನ್ನು ಮೀರುವ ಈ ಯುದ್ಧವಿಮಾನದಲ್ಲಿ ಚಾಲಕನು ಕುಳಿತುಕೊಳ್ಳುವ ಒಡಲು ಮರದ್ದು! ಎರಡು ತೆಳು ಪ್ಲೈವುಡ್ ಪದರಗಳ ನಡುವೆ ಬಾಲ್ಸಾ ಮರವನ್ನಿಟ್ಟು ಅಂಟಿಸಿ, ಅಚ್ಚಿನಲ್ಲಿ ಬಾಗಿಸಿ ಅದನ್ನು ಮಾಡುತ್ತಿದ್ದರು. ಹುಡುಗನ ಮೇಜಿನ ಮೇಲೆ ಬ್ಲೇಡಿಗೆ ಸಿಕ್ಕಿ ತುಂಡಾಗುತ್ತಿದ್ದ ಮರವೇ ವಾಯುಪಡೆಯ ಜೆಟ್ಟಿನ ಮೈಯೊಳಗೂ ಇದ್ದಿತು.

ಇಷ್ಟು ಮೆದುವಾದ ಮರಕ್ಕೆ ಆ ಬಲ ಎಲ್ಲಿಂದ ಬಂದಿತು? ಹಲಗೆಯನ್ನು ಬಗ್ಗಿಸಿದಾಗ ಅದರ ಒಂದು ಮೈ ಹಿಗ್ಗುವುದು, ಎದುರು ಮೈ ಕುಗ್ಗುವುದು, ನಡುಭಾಗ ಹೆಚ್ಚು ಕಡಮೆ ಸುಮ್ಮನಿರುವುದು. ಆದುದರಿಂದ ಬಲವಾದ ವಸ್ತು ಬೇಕಾದುದು ಹೊರಮೈಗಳಲ್ಲಿ. ನಡುವೆ ಇರುವುದರ ಕೆಲಸ ಆ ಎರಡನ್ನೂ ದೂರದಲ್ಲಿ ಹಿಡಿದು ನಿಲ್ಲಿಸುವುದಷ್ಟೆ. ಒಂದೇ ವಸ್ತುವಿನ ಹಲಗೆಯ ದಪ್ಪವನ್ನು ಎರಡರಷ್ಟು ಮಾಡಿದರೆ ಅದರ ಬಿಗುವು ಎಂಟರಷ್ಟಾಗುವುದು. ಬಾಲ್ಸಾ ಹೀಗೆ ಭಾರವನ್ನು ಕೂಡಿಸದೆ ದಪ್ಪವನ್ನು ಒದಗಿಸಿತು. ಇದೇ ಸಂಸ್ಥೆಯ ಮಾಸ್ಕಿಟೊ ಎಂಬ ಮರದ ವಿಮಾನವು ಎರಡನೆಯ ಮಹಾಯುದ್ಧದಲ್ಲಿ ಹೆಸರಾದುದು ಈ ಉಪಾಯದಿಂದಲೇ. ಆದರೆ ಮರದ ವಿಮಾನದ ಪ್ರಾಣವಿರುವುದು ಅಂಟಿನಲ್ಲಿ. 1944ರ ಕೊನೆಯಲ್ಲಿ ಭಾರತ ಮತ್ತು ಬರ್ಮಾ ರಣರಂಗದಲ್ಲಿ ಮಾಸ್ಕಿಟೊಗಳ ರೆಕ್ಕೆಗಳು ಬಿಟ್ಟುಕೊಂಡು ಸಾವುಗಳಾದುವು. ಕೆಲಕಾಲ ಅವುಗಳ ಹಾರಾಟವನ್ನೇ ತಡೆಯಬೇಕಾಯಿತು. ಅಂಟು ಮತ್ತು ಜೋಡಣೆಯ ದೋಷಗಳು ತನಿಖೆಯಲ್ಲಿ ಹೊರಬಿದ್ದುವು. ಅಂಟು ಒಣಗುವ ಮುನ್ನ ರೆಕ್ಕೆಯನ್ನು ಎತ್ತಿ ನೋಡುವ ಹುಡುಗನ ಆತುರ ಎಲ್ಲರಿಗೂ ಗೊತ್ತಿದ್ದುದೇ. ಅಲ್ಲಿ ನಷ್ಟವಾಗುವುದು ಒಂದು ಸಂಜೆ ಮಾತ್ರ.

ಪೆಟ್ಟಿಗೆಗಳ ಚರಿತ್ರೆಯನ್ನು ಸ್ಥೂಲವಾಗಿ ಹೇಳುವೆನು. ಇಂಗ್ಲೆಂಡಿನಲ್ಲಿ ಬಾಲ್ಸಾ ಪೆಟ್ಟಿಗೆಗಳಿಗೆ ಕೀಲ್‌ಕ್ರಾಫ್ಟ್ ಎಂಬ ಹೆಸರು ಪ್ರಸಿದ್ಧವಾಗಿದ್ದಿತು. ಫ್ರಾಗ್ ಎಂಬ ಇನ್ನೊಂದು ಸಂಸ್ಥೆ 1936ರಲ್ಲಿಯೇ ಪ್ಲಾಸ್ಟಿಕ್ ಮಾದರಿಗಳನ್ನು ಹೊರಡಿಸಿತು. ಹಂಗೆರಿಯಿಂದ ವಲಸೆ ಬಂದ ನಿಕೊಲಸ್ ಕೋವ್ 1939ರಲ್ಲಿ ಸ್ಥಾಪಿಸಿದ ಏರ್‌ಫಿಕ್ಸ್ ಸಂಸ್ಥೆ ಬಾಚಣಿಗೆಗಳನ್ನು ಮಾಡುತ್ತ ಬೆಳೆದು, 1953ರಲ್ಲಿ ತನ್ನ ಮೊದಲ ವಿಮಾನವಾದ ಸ್ಪಿಟ್‌ಫೈರನ್ನು ಮಾರಿತು. ಭಾರತದಲ್ಲಿ 1957ರ ವಿದೇಶೀ ವಿನಿಮಯದ ಬಿಕ್ಕಟ್ಟಿನ ಮೇಲೆ ಆಮದು ಬಿಗಿಯಾಗಿ, ಇಂಥ ಪೆಟ್ಟಿಗೆಗಳು ದುರ್ಲಭವಾದುವು. ಎನ್.ಸಿ.ಸಿ.ಯ ವಾಯುವಿಭಾಗದಲ್ಲಿ ಮಾತ್ರ ಮಾದರಿ ವಿಮಾನದ ಕೆಲಸ ಇಂದಿಗೂ ನಡೆದುಬಂದಿದೆ.

ಪ್ಲಾಸ್ಟಿಕ್ ಮಾದರಿಗಳ ಪೆಟ್ಟಿಗೆಯ ಮೇಲೆ 1:72 ಎಂಬ ಸಂಖ್ಯೆಯನ್ನು ಹಲವರು ನೋಡಿರಬಹುದು. ನೂರು, ಐವತ್ತು ಎಂಬ ಸುಲಭ ಸಂಖ್ಯೆಗಳನ್ನು ಬಿಟ್ಟು ಎಪ್ಪತ್ತೆರಡು ಏಕೆ? ಇಂಗ್ಲಿಷರ ಅಳತೆಯಲ್ಲಿ ಆರು ಅಡಿಗೆ ಎಪ್ಪತ್ತೆರಡು ಅಂಗುಲ. ಆರಡಿಯ ಮನುಷ್ಯ ಈ ಪ್ರಮಾಣದಲ್ಲಿ ಒಂದಂಗುಲದ ಬೊಂಬೆಯಾಗುವನು. ಇದು ಆಟಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಯುದ್ಧಕಾಲದಲ್ಲಿ ಆಕಾಶದಲ್ಲಿರುವ ವಿಮಾನ ತಮ್ಮದೋ ಶತ್ರುವಿನದೋ ಎಂದು ಗುರುತಿಸಲು ಸೈನಿಕರಿಗೆ ಇದೇ ಪ್ರಮಾಣದ ಮಾದರಿಗಳಿಂದ ಶಿಕ್ಷಣ ಕೊಡುತ್ತಿದ್ದರು. ಎರಡು ಕಿಲೊಮೀಟರ್ ದೂರದ ವಿಮಾನವು ಕಣ್ಣಿಗೆ ಎಷ್ಟು ಚಿಕ್ಕದಾಗಿ ಕಾಣುವುದೋ, ಅದರ ಮಾದರಿಯು ಇಪ್ಪತ್ತೆಂಟು ಮೀಟರ್ ದೂರದಲ್ಲಿ ಅಷ್ಟೇ ಚಿಕ್ಕದಾಗಿ ಕಾಣುವುದು. ಶಾಲೆಯ ಅಂಗಳವೇ ಸಾಕು.

ಈ ಲೆಕ್ಕವನ್ನು ನ್ಯಾಟ್ ವಿಮಾನಕ್ಕೆ ಅನ್ವಯಿಸಿದರೆ ಅದರ ಮರ್ಮ ತಿಳಿಯುವುದು. ಫಾಲಂಡ್ ಸಂಸ್ಥೆಯಲ್ಲಿ ಇದನ್ನು ರೂಪಿಸಿದವನು ಪೆಟರ್ ಎಂಬ ಎಂಜಿನಿಯರು. ಲೈಸ್ಯಾಂಡರ್, ಕ್ಯಾನ್‌ಬೆರ‍್ರಾ ಇವೂ ಅವನ ಕೈಯವೇ. ಕ್ಯಾನ್‌ಬೆರ‍್ರಾ ನಮ್ಮ ವಾಯುಪಡೆಯಲ್ಲಿ 1957ರಿಂದ 2007ರ ವರೆಗೆ ಅರ್ಧ ಶತಮಾನ ದುಡಿಯಿತು. ಯುದ್ಧವಿಮಾನಗಳು ವರ್ಷವರ್ಷಕ್ಕೂ ಭಾರವಾಗುತ್ತ, ದುಬಾರಿಯಾಗುತ್ತ ಹೋಗುವುದನ್ನು ಕಂಡು ಬೇಸತ್ತ ಪೆಟರ್ ಎಲ್ಲವನ್ನೂ ಚಿಕ್ಕದು ಮಾಡಲು ಹೊರಟನು. ನ್ಯಾಟ್ ಯುದ್ಧವಿಮಾನದ ರೆಕ್ಕೆಗಳ ಉದ್ದ ತುದಿಯಿಂದ ತುದಿಗೆ 6.7 ಮೀಟರು, ಅದೇ ಕಾಲದ ಹಂಟರ್ ವಿಮಾನದ್ದು 10 ಮೀಟರಿಗೂ ಹೆಚ್ಚು. ಎಪ್ಪತ್ತೆರಡರಲ್ಲಿ ಒಂದು ಪಾಲಿಗೆ ಇಳಿಸಿದರೆ ನ್ಯಾಟ್ ಒಂಬತ್ತೂಕಾಲು ಸೆಂಟಿಮೀಟರಿನ ಆಟಿಕೆ. ಅಂಥದೊಂದನ್ನು ಇಪ್ಪತ್ತೆಂಟು ಮೀಟರ್ ದೂರದಲ್ಲಿ ಎದುರುಮೊಗವಾಗಿ ಹಿಡಿದು ನೋಡಿರಿ, ಕಾಣುವುದು ಒಂದು ಚುಕ್ಕೆ, ಒಂದು ಗೆರೆ. ಎದುರಾಳಿಯ ಚಾಲಕನಿಗೂ ಕಾಣುತ್ತಿದ್ದುದು ಇಷ್ಟೇ.

ಮೊದಲ ನ್ಯಾಟ್ 1955ರ ಜುಲೈ ತಿಂಗಳಲ್ಲಿ ಹಾರಿತು. ಬ್ರಿಟನ್ನು ಅದನ್ನು ತರಬೇತಿಗೆ ಬಳಸಿತೇ ಹೊರತು ತನ್ನ ಯುದ್ಧವಿಮಾನವನ್ನಾಗಿ ಆರಿಸಲಿಲ್ಲ. ಭಾರತ 1956ರಲ್ಲಿ ಒಪ್ಪಂದ ಮಾಡಿಕೊಂಡು ಬೆಂಗಳೂರಿನಲ್ಲಿ ತಯಾರಿಸಿತು. 1965ರ ಸೆಪ್ಟೆಂಬರ್ 1ರಂದು ಛಾಂಬ್ ಪ್ರದೇಶದಲ್ಲಿ ನಾಲ್ಕು ವ್ಯಾಂಪೈರ್‌ಗಳು ನಷ್ಟವಾದ ಮೇಲೆ ಆ ಹಳೆಯ ವಿಮಾನಗಳನ್ನು ಹಿಂದಕ್ಕೆ ಕರೆಸಿ, ನ್ಯಾಟ್‌ಗಳನ್ನು ಪಠಾಣ್‌ಕೋಟೆಗೆ ತಂದರು. ಎರಡೇ ದಿನಗಳ ಅಂತರದಲ್ಲಿ ಬಾಲ್ಸಾ ಯುಗ ಮುಗಿದಂತಾಯಿತು. 1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ ಒಂಟಿಯಾಗಿ ಹೋರಾಡಿ ಮಡಿದು ಪರಮವೀರ ಚಕ್ರಕ್ಕೆ ಪಾತ್ರನಾದ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಹಾರಿಸುತ್ತಿದ್ದುದೂ ನ್ಯಾಟ್ ವಿಮಾನವನ್ನೇ. ಚಿಕ್ಕತನಕ್ಕೆ ಬೆಲೆಯೂ ಇದ್ದಿತು: ಇಂಧನಕ್ಕೆ ಸ್ಥಳ ಕಡಮೆ, ಬಂದೂಕುಗಳು ಸಿಕ್ಕಿಕೊಳ್ಳುತ್ತಿದ್ದುವು, ಬಾಲದ ನಿಯಂತ್ರಣದಲ್ಲಿಯೂ ತೊಂದರೆಗಳಿದ್ದುವು. ಇವನ್ನು ತಿದ್ದಲು ಬೆಂಗಳೂರಿನಲ್ಲಿ ರೂಪಿಸಿದ ಅಜಿತ್ ವಿಮಾನ 1975ರಲ್ಲಿ ಹಾರಿತು. ಪೆಟರ್ ಮಾತ್ರ ಆ ವೇಳೆಗೆ ವಿಮಾನಗಳ ಸಹವಾಸವನ್ನೇ ತೊರೆದು ಸ್ವಿಟ್ಸರ್ಲೆಂಡಿನ ಒಂದು ಧಾರ್ಮಿಕ ಸಮುದಾಯವನ್ನು ಸೇರಿದ್ದನು!

ಇನ್ನು ವಿದ್ಯಾರ್ಥಿಗಳು ಪ್ರತಿವರ್ಷವೂ ಕೇಳುವ ಪ್ರಶ್ನೆ. ಪ್ಲಾಸ್ಟಿಕ್ ನ್ಯಾಟ್ ಆಕಾರದಲ್ಲಿ ಚಾಚೂ ತಪ್ಪದ ಪ್ರತಿರೂಪ. ಎಸೆದರೆ ಕಲ್ಲಿನಂತೆ ಬೀಳುವುದು. ನಿಜವಾದ ನ್ಯಾಟ್‌ಗೆ ಎಳ್ಳಷ್ಟೂ ಹೋಲದ ಬಾಲ್ಸಾ ವಿಮಾನ ತೇಲುವುದು. ಏಕೆ?

ಉದ್ದವನ್ನು 72ರಿಂದ ಭಾಗಿಸಿದರೆ ರೆಕ್ಕೆಯ ವಿಸ್ತಾರ 5,184ನೆಯ ಒಂದು ಪಾಲಾಗುವುದು, ಗಾತ್ರ 3,73,248ನೆಯ ಒಂದು ಪಾಲಾಗುವುದು. ಸುಮಾರು 3,000 ಕಿಲೊಗ್ರಾಂ ತೂಗುವ ನ್ಯಾಟ್ ಅದೇ ಲೆಕ್ಕದಲ್ಲಿ ಎಂಟು ಗ್ರಾಂ ಮಾತ್ರ ತೂಗಬೇಕು. ಹಾರಾಟಕ್ಕೆ ಮುಖ್ಯವಾದುದು ರೆಕ್ಕೆಯ ಒಂದೊಂದು ಚದರ ಮೀಟರಿನ ಮೇಲೆ ಬೀಳುವ ಭಾರ. ನಿಜವಾದ ನ್ಯಾಟ್‌ನಲ್ಲಿ ಅದು 236 ಕಿಲೊಗ್ರಾಂ. ಮೊಳವೊಂದೂವರೆ ಉದ್ದದ ಬಾಲ್ಸಾ ವಿಮಾನದಲ್ಲಿ ಒಂದೂವರೆ ಕಿಲೊಗ್ರಾಂ. ಮೇಲಕ್ಕೆತ್ತುವ ಬಲವು ವೇಗದ ವರ್ಗವನ್ನು ಅನುಸರಿಸುವುದರಿಂದ, ನೂರೈವತ್ತು ಪಟ್ಟು ಭಾರಕ್ಕೆ ಹನ್ನೆರಡು ಪಟ್ಟು ವೇಗ ಸಾಕು. ಸೈಕಲಿನ ವೇಗ, ಎಂದರೆ ಗಂಟೆಗೆ ಇಪ್ಪತ್ತು ಕಿಲೊಮೀಟರಿನಲ್ಲಿ ಬಾಲ್ಸಾ ತೇಲಿದರೆ ನ್ಯಾಟ್‌ಗೆ ಇನ್ನೂರ ನಲವತ್ತು ಬೇಕು.

ಹಾಗಾದರೆ ಎಂಟು ಗ್ರಾಮಿನ ನ್ಯಾಟನ್ನು ಹೇಗೋ ಮಾಡಿದೆವೆನ್ನೋಣ. ಆಗಲೂ ಅದು ಚೆನ್ನಾಗಿ ಹಾರದು. ನಾವು ವಿಮಾನವನ್ನು ಕುಗ್ಗಿಸಿದೆವು, ಗಾಳಿಯನ್ನು ಕುಗ್ಗಿಸಲಿಲ್ಲ! ಗಾಳಿಗೂ ಎಣ್ಣೆಯಂತೆ ಸ್ನಿಗ್ಧತೆ ಉಂಟು, ಬಹಳ ಕಡಮೆ ಅಷ್ಟೆ. ದೊಡ್ಡ ರೆಕ್ಕೆಗೆ, ದೊಡ್ಡ ವೇಗಕ್ಕೆ ಅದು ಲೆಕ್ಕಕ್ಕೆ ಬಾರದು. ಎರಡೂವರೆ ಸೆಂಟಿಮೀಟರ್ ಅಗಲದ ರೆಕ್ಕೆಗೆ ಅದೇ ದೊಡ್ಡ ಅಡ್ಡಿ. ಇವೆರಡರ ಅನುಪಾತವನ್ನು ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್ 1883ರಲ್ಲಿ ತನ್ನ ನೀರಿನ ಕೊಳವೆಯ ಪ್ರಯೋಗಗಳಿಂದ ತೋರಿಸಿದನು. ಇಳಿಯುವ ನ್ಯಾಟ್‌ನ ರೆಕ್ಕೆಗೆ ರೆನಾಲ್ಡ್ಸ್ ಸಂಖ್ಯೆ ಎಪ್ಪತ್ತು ಲಕ್ಷಕ್ಕೂ ಮೇಲೆ. ಆ ಪುಟ್ಟ ನ್ಯಾಟ್‌ಗೆ ಹನ್ನೆರಡು ಸಾವಿರದ ಆಸುಪಾಸು. ಇಷ್ಟು ಕೆಳಗೆ ದಪ್ಪನೆಯ ರೆಕ್ಕೆಯ ಮೇಲಿನ ಗಾಳಿ ಬೇಗ ಕಳಚಿಕೊಳ್ಳುವುದು. ತೆಳುವಾಗಿ ಬಾಗಿದ ರೆಕ್ಕೆಯೇ ಅಲ್ಲಿ ಮೇಲು. ಅನುಭವಸ್ಥ ಹುಡುಗರು ಇದನ್ನು ಸೂತ್ರವಿಲ್ಲದೆಯೇ ಬಲ್ಲವರಾಗಿದ್ದರು. ನಮ್ಮ ತರಗತಿಗಳಲ್ಲಿ ಇಂದು ಸೂತ್ರವಿದೆ, ರೆಕ್ಕೆಯಿಲ್ಲ. ಇದು ನನಗೆ ಲಾಭದಂತೆ ತೋರುವುದಿಲ್ಲ.

ದೊಡ್ಡ ಎಂಜಿನಿಯರುಗಳಿಗೂ ಈ ತೊಡಕು ತಪ್ಪಿದುದಲ್ಲ. ಗಾಳಿಸುರಂಗದಲ್ಲಿ ಪರೀಕ್ಷಿಸುವ ಮಾದರಿ ಎಲ್ಲವನ್ನೂ ಹೇಳಲಾರದು. ಕುರ್ಟ್ ಟ್ಯಾಂಕ್ ಬೆಂಗಳೂರಿನಲ್ಲಿ ಎಚ್.ಎಫ್.-24 ಮಾರುತ್ ವಿಮಾನವನ್ನು ರೂಪಿಸುತ್ತಿದ್ದಾಗ, ಮೊದಲು ಅದರ ಪೂರ್ಣ ಅಳತೆಯ ಮರದ ಗ್ಲೈಡರನ್ನೇ ಮಾಡಿಸಿದನು. ಎಂಜಿನ್ ಇಲ್ಲದ ಆ ಮಾದರಿಯನ್ನು 1959ರಲ್ಲಿ ಡಕೋಟಾ ವಿಮಾನಕ್ಕೆ ಹಗ್ಗದಿಂದ ಕಟ್ಟಿ ಎಳೆಸಿ, ಮೇಲೆ ಬಿಟ್ಟು ಹಾರಿಸಿ ನೋಡಿದರು. ಒಂದಕ್ಕೆ ಒಂದು ಪ್ರಮಾಣದ ಆಟಿಕೆ ಎನ್ನಬಹುದು. ಒಳಗೆ ಮನುಷ್ಯರು ಕುಳಿತಿದ್ದರು, ಅಷ್ಟೇ ವ್ಯತ್ಯಾಸ. 1961ರ ಜೂನ್ 17ರಂದು ಲೋಹದ ಮಾರುತ್ ಹಾರಿತು. ಅದರ ಎರಡು ಎಂಜಿನುಗಳು ನ್ಯಾಟ್‌ನಲ್ಲಿದ್ದ ಬ್ರಿಟಿಷ್ ಆರ್ಫಿಯಸ್ ಜಾತಿಯವೇ. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿಯೂ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿಯೂ ಒಂದೊಂದು ಮಾರುತ್ ಉಂಟು.

ಬಾಲ್ಸಾ ದೊರೆಯದವರು ನಿರಾಶರಾಗಬೇಕಿಲ್ಲ. ಬಾಸಿಂಗ ಕಟ್ಟುವ ಬೆಂಡು ಅದಕ್ಕಿಂತಲೂ ಹಗುರ. ಬಿದಿರಿನ ಸೀಳುಗಳಿಂದ ಅದಕ್ಕೆ ಬೆನ್ನೆಲುಬು ಕೊಟ್ಟು, ಗಾಳಿಪಟದ ಕಾಗದವನ್ನು ಹೊದಿಸಿ ವಿದ್ಯಾರ್ಥಿಗಳೊಡನೆ ಮಾಡಿ ನೋಡಿದ್ದೇನೆ. ರೆಕ್ಕೆಯ ತುದಿಗಳು ಕೊಂಚ ಮೇಲಕ್ಕೆದ್ದಿರಲಿ. ಬೆರಳ ತುದಿಗಳ ಮೇಲೆ ನಿಲ್ಲಿಸಿದಾಗ ಅದು ರೆಕ್ಕೆಯ ಅಗಲದ ಮೂರರಲ್ಲಿ ಒಂದು ಪಾಲಿನ ಬಳಿ, ಮುಂದಿನ ಅಂಚಿನಿಂದ ಎಣಿಸಿ, ಸಮತೂಕವಾಗಬೇಕು. ಗಾಳಿಗೆ ಎದುರಾಗಿ, ಕೊಂಚ ಕೆಳಮುಖವಾಗಿ ನೂಕಬೇಕು, ಎಸೆಯಬಾರದು. ಮೂತಿ ಎತ್ತಿ, ತಡವರಿಸಿ, ಕುಸಿದರೆ ಮೂತಿಗೆ ಕಡಲೆಕಾಳಿನಷ್ಟು ಜೇಡಿಮಣ್ಣು ಹಚ್ಚುವುದು. ನೆಟ್ಟಗೆ ನೆಲಕ್ಕೆ ಇಳಿದರೆ ತೆಗೆಯುವುದು. ಸೋಲೂರಿನ ಕಡೆ ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳಗಳು ಇದಕ್ಕೆ ಬಹು ಅನುಕೂಲ. ಬೆಳಗಿನ ಏಳು ಗಂಟೆಯೊಳಗೆ ಹೋಗುವುದು ಲೇಸು. ಬಿಸಿಲೇರಿದ ಮೇಲೆ ಕಾದ ನೆಲದಿಂದ ಗಾಳಿ ಮೇಲೇಳತೊಡಗುವುದು. ಅದಕ್ಕೆ ಸಿಕ್ಕಿದರೆ ವಿಮಾನ ಹೊಲಗಳನ್ನು ದಾಟಿ ಹೋಗುವುದು, ಹುಡುಗರು ಬೇಲಿ ಹಾರುತ್ತ ಅದರ ಬೆನ್ನಟ್ಟಬೇಕಾಗುವುದು.